ಐದನೆಯ ಚಿತ್ರದ ಚೊಂಬು

ಶುಭ ಶುಕ್ರವಾರದ ಆರಾಧನೆ ತುಮಕೂರಿನ ನಮ್ಮ ಚರ್ಚಿನಲ್ಲಿ ಹನ್ನೆರಡಕ್ಕೆ ಆರಂಭವಾಗಿ ಮೂರಕ್ಕೆ ಮುಗಿಯುತ್ತದೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೆ ಏಳು ಪ್ರಸಂಗ. ಪ್ರತಿ ಪ್ರಸಂಗದ ಬಳಿಕ ಮೂರು ನಿಮಿಷ ಬರೀ ಆರ್ಗನ್. ಆ ನಿಮಿಷಗಳು ನನ್ನವು. ಹೆಡ್ ಮಾಸ್ತರನಾಗಿ ಶಾಲೆಯ ಬೆಲ್ಲಿಗೆ ಸರಿಯಾಗಿ ಬದುಕಿದವನು ನಾನು. ಇಲ್ಲಿಯೂ ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡೇ ನುಡಿಸುತ್ತಿದ್ದೆ. ಕಾಲಿನಲ್ಲಿ ಪೆಡಲ್ ತುಳಿದು ಗಾಳಿ ತುಂಬುವ ಹಳೆಯ ಆರ್ಗನ್ ಅದು. ಅದರ ತಿದಿ ಹರಿದಾಗ ಗುಬ್ಬಿಯ ಹಾರ್ಮೋನಿಯಂ ರಿಪೇರಿಯವರು ಬಂದು ಚರ್ಮದ ತೇಪೆ ಹಾಕಿದ್ದರು.

ಜನ ಕೇಳುವಾಗ ನೋಡುವುದಕ್ಕೂ ಏನಾದರೂ ಇರಲಿ ಎಂದು ಒಂದು ವರ್ಷ ಏಳು ಚಿತ್ರ ಬರೆಸಿದೆ. ಬರೆದವರು ಶಿರಾ ಗೇಟಿನ ಮುಸ್ಲಿಂ ಪೇಂಟರ್, ನನ್ನದೇ ವಯಸ್ಸಿನವರು. ಅಂಗಡಿ ಬೋರ್ಡುಗಳೆಲ್ಲ ಫ್ಲೆಕ್ಸ್ ಆದ ಮೇಲೆ ಅವರಿಗೆ ಕೆಲಸ ಕಡಿಮೆಯಾಗಿತ್ತು. ಒಂದೊಂದು ಮಾತನ್ನೂ ಕೂರಿಸಿಕೊಂಡು ವಿವರಿಸಿದೆ. ಐದನೆಯದು ‘ನನಗೆ ಬಾಯಾರಿಕೆಯಾಗಿದೆ’ ಎಂಬ ಮಾತು. ಹೋಗಿ ನೋಡಿದರೆ ಶಿಲುಬೆಯ ಕೆಳಗೆ ಹೆಂಗಸೊಬ್ಬಳು ಹಿತ್ತಾಳೆ ಚೊಂಬನ್ನು ಮೇಲಕ್ಕೆತ್ತಿ ಹಿಡಿದಿದ್ದಳು.

“ಏನ್ರೀ ಇದು, ಚೊಂಬು?”

“ಬಾಯಾರಿಕೆ ಅಂದ್ರಲ್ಲ ಸಾರ್.”

“ಅಲ್ಲಿ ನೀರು ಕೊಡ್ಲಿಲ್ಲ. ಕೋಲಿಗೆ ಸ್ಪಂಜು ಸಿಕ್ಕಿಸಿ ಹುಳಿರಸ ಕೊಟ್ರು.”

“ಸಾಯೋರಿಗೆ ಸಾರು ಕುಡಿಸಿದ್ರಾ?”

“ಸಾರಲ್ಲ ರೀ. ಹುಳಿ ಹಿಡಿದ ದ್ರಾಕ್ಷಾರಸ.”

ಅವರು ಕುಂಚ ಒರೆಸಿ ಡಬ್ಬಿಗೆ ಹಾಕಿದರು. “ನಮ್ಮಲ್ಲಿ ಸಾಯೋರ್ ಬಾಯಿಗೆ ನೀರ್ ಬುಡ್ತೀವಿ ಸಾರ್. ನೀವೂ ಬುಡ್ತೀರಲ್ವಾ?”

“ಬರೆದಿರೋದು ಬರೆದ ಹಾಗೇ ಇರ್ಬೇಕು. ಸೋಮವಾರ ಹತ್ತಕ್ಕೆ ಬರ್ತೀನಿ.”

“ಆಯ್ತು ಬುಡಿ, ಹೆಡ್ ಮಾಸ್ತರು ಬೆಲ್ ಹೊಡುದ್ರಲ್ಲ,” ಎಂದು ನಕ್ಕರು. ಸೋಮವಾರದ ಹೊತ್ತಿಗೆ ಚೊಂಬಿನ ಮೇಲೆ ಬಿಳಿ ಬಣ್ಣ ಬಿದ್ದಿತ್ತು. ಅದರ ಮೇಲೆ ಕೋಲು, ಸ್ಪಂಜು.

ಮುಂದಿನ ಜನವರಿಯಲ್ಲಿ ನನ್ನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಯಿತು. ಸಂಜೆ ಆರರವರೆಗೆ ಬಾಯಿಗೆ ಏನನ್ನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಕುಣಿಗಲ್‌ನಿಂದ ಬಂದಿದ್ದ ಅವಳ ತಂಗಿ ಊಟಕ್ಕೆ ಹೋಗಿದ್ದಳು. ನಾನೊಬ್ಬನೇ ಇದ್ದೆ.

“ಒಂದ್ ಗುಟುಕು ಕೊಡ್ರೀ.”

“ಆರಕ್ಕೆ.”

“ಈಗೆಷ್ಟು?”

“ಮೂರೂ ಮುಕ್ಕಾಲು.”

ಅವಳು ಮತ್ತೆ ಎರಡು ಸಲ ಕೇಳಿದಳು. ನಾನು ಎರಡು ಸಲವೂ ಗಡಿಯಾರ ತೋರಿಸಿದೆ. ಐದು ದಾಟಿದ ಮೇಲೆ ಉಸಿರು ಏರುಪೇರಾಯಿತು. ಓಡಿಬಂದ ಡಾಕ್ಟರು, ನರ್ಸುಗಳು ನನ್ನನ್ನು ಹೊರಗೆ ಕಳಿಸಿದರು. ಆರಕ್ಕೆ ಅವಳಿರಲಿಲ್ಲ.

ಅವಳ ಸೀರೆ, ಬಳೆ ನನ್ನ ಕೈಗೆ ಕೊಡುವಾಗ ನರ್ಸಮ್ಮ ಅವಳ ಒಡೆದ ತುಟಿಯ ವಿಷಯ ಎತ್ತಿದರು. ಬೈಗುಳವೇನಲ್ಲ, ಮೆತ್ತಗೇ ಕೇಳಿದರು: “ಹತ್ತಿ ಒದ್ದೆ ಮಾಡಿ ತುಟಿಗೆ ಒತ್ಬೋದಿತ್ತಲ್ಲ ಅಜ್ಜಾ? ಅಷ್ಟಕ್ಕೇನೂ ತೊಂದ್ರೆ ಇರ್ಲಿಲ್ಲ. ನಮ್ಮನ್ನ ಕೇಳಿದ್ರೆ ಹೇಳ್ತಿದ್ವಿ.”

ಸ್ಪಂಜು ಇರಲೇಬೇಕೆಂದು ಹಟ ಹಿಡಿದವನು ನಾನು.

ಶುಭ ಶುಕ್ರವಾರದ ಹಿಂದಿನ ವಾರ ಚಿತ್ರಗಳ ಧೂಳು ಒರೆಸಲು ಪೇಂಟರ್ ಬಂದರು. ಅಗ್ಗದ ಬಿಳಿ ಬಣ್ಣದೊಳಗಿನಿಂದ ಚೊಂಬು ಕಂದು ನೆರಳಿನಂತೆ ಎದ್ದು ಬಂದಿತ್ತು. “ಇನ್ನೊಂದ್ ಕೋಟ್ ಹೊಡ್ದ್ ಬುಡ್ಲಾ ಸಾರ್?” ಎಂದರು.

“ಬೇಡ.”

ಅವರು ಬಟ್ಟೆ ಮಡಚಿಕೊಂಡು ಹೋದರು.

ಶುಭ ಶುಕ್ರವಾರ ಮೊದಲ ನಾಲ್ಕು ಮಾತುಗಳಿಗೂ ನಿಮಿಷ ತಪ್ಪದೆ ನುಡಿಸಿದೆ. ಐದನೆಯ ಪ್ರಸಂಗ ಮುಗಿಯಿತು. ಪೆಡಲ್ ತುಳಿದೆ, ತಿದಿ ತುಂಬಿತು. ಕೈ ಮಾತ್ರ ಕೀಗಳ ಮೇಲೆ ಇಳಿಯಲಿಲ್ಲ. ಗುಬ್ಬಿಯವರ ತೇಪೆಯ ಸಂದಿಯಿಂದ ಗಾಳಿ ಏರಿಳಿಯುವ ಸದ್ದು ಮೊದಲ ಬೆಂಚಿನವರೆಗೂ ಕೇಳುತ್ತಿತ್ತು. ಜನ ಚಿತ್ರ ನೋಡುತ್ತಾ ಕಾದರು. ಪಾದ್ರಿ ಅಯ್ಯನವರು ಎರಡು ಸಲ ನನ್ನತ್ತ ತಿರುಗಿ, ಕೊನೆಗೆ ಆರನೆಯ ಮಾತಿಗೆ ಹೋದರು. ನಾನಿನ್ನೂ ತುಳಿಯುತ್ತಲೇ ಇದ್ದೆ.