ಐದು ಉತ್ತರಪತ್ರಿಕೆ, ಒಂದೇ ತಪ್ಪು

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಿ ವಿಭಾಗದ ಐದು ಹುಡುಗಿಯರು ಗಣಿತದಲ್ಲಿ ಪಾಸಾದಾಗ ನನಗೆ ಸಂತೋಷವಾಗಲಿಲ್ಲ, ಅನುಮಾನ ಬಂತು. ಅರ್ಧವಾರ್ಷಿಕದಲ್ಲಿ ಆ ಐವರೂ ಒಂದಂಕಿ ದಾಟಿರಲಿಲ್ಲ. ಅವರಿಗೆ ಪಾಠ ಮಾಡುತ್ತಿದ್ದವಳು ಆ ವರ್ಷವಷ್ಟೇ ಬಂದ ಅತಿಥಿ ಶಿಕ್ಷಕಿ. ಬಿ.ಎಸ್ಸಿ. ಆಗಿತ್ತು, ಬಿ.ಎಡ್. ಮುಗಿದಿರಲಿಲ್ಲ, ಬೇರೆ ಯಾರೂ ಸಿಗದೆ ಅವಳನ್ನು ತೆಗೆದುಕೊಂಡಿದ್ದರು. ನನ್ನದು ಎಂ.ಎಸ್ಸಿ., ಬಿ.ಎಡ್., ಹದಿನೆಂಟು ವರ್ಷದ ಸರ್ವಿಸು. ಆದರೂ ನನ್ನ ಎ ವಿಭಾಗದಲ್ಲಿ ಹಿಂದುಳಿದವರು ಹಿಂದೆಯೇ ಉಳಿದಿದ್ದರು.

ಹಿಂದಿನ ವರ್ಷ ನಮ್ಮ ಸರ್ಕಾರಿ ಪ್ರೌಢಶಾಲೆಯ ಫಲಿತಾಂಶ ಕುಸಿದಿದ್ದರಿಂದ ಹೆಡ್ಮಾಸ್ಟರು ಒಂದು ಕ್ರಿಯಾಯೋಜನೆ ಮಾಡಿಸಿದ್ದರು. ಪ್ರತಿ ಶಿಕ್ಷಕರೂ ಐದು ಮಕ್ಕಳನ್ನು ದತ್ತು ತೆಗೆದುಕೊಳ್ಳಬೇಕು, ದಿನಾ ಅವರಿಂದ ಒಂದು ಲೆಕ್ಕ ಮಾಡಿಸಬೇಕು, ತಿಂಗಳಿಗೊಮ್ಮೆ ಮನೆಗೆ ಹೋಗಿ ಬರಬೇಕು. ಅದನ್ನು ಬರೆದುಕೊಟ್ಟವಳು ನಾನೇ. ಆದರೆ ವಾರದ ವರದಿಯನ್ನು ಏನೂ ಮಾಡಿಸದೆಯೇ ಶನಿವಾರ ಸ್ಟಾಫ್ ರೂಮಿನಲ್ಲಿ ಕೂತು ಒಟ್ಟಿಗೆ ತುಂಬಿಬಿಡುತ್ತಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದುಕೊಂಡಿದ್ದೆ.

ಆ ಪರೀಕ್ಷೆಯಲ್ಲಿ ಒಂದು ವಿಭಾಗದ ಪತ್ರಿಕೆಗಳನ್ನು ಇನ್ನೊಂದು ವಿಭಾಗದವರು ತಿದ್ದಬೇಕಿತ್ತು. ಹೀಗೆ ಆ ಐದು ಪತ್ರಿಕೆ ನನ್ನ ಕೈಗೆ ಬಂದವು. ಶಂಕುವಿನ ಲೆಕ್ಕದಲ್ಲಿ ಐವರೂ ಓರೆ ಎತ್ತರ ಹಾಕಬೇಕಾದ ಕಡೆ ನೇರ ಎತ್ತರ ಹಾಕಿದ್ದರು. ಒಂದೇ ತಪ್ಪು, ಒಂದೇ ಸಾಲಿನಲ್ಲಿ. ಪ್ರಶ್ನೆಪತ್ರಿಕೆಯ ಕಟ್ಟು ಇದ್ದದ್ದು ಹೆಡ್ಮಾಸ್ಟರ ಬೀರುವಿನಲ್ಲಿ. ಪರೀಕ್ಷೆಗೆ ಎರಡು ದಿನ ಮೊದಲು ಆ ಅತಿಥಿ ಶಿಕ್ಷಕಿ ಅವರ ಕೋಣೆಯಲ್ಲಿ ಒಬ್ಬಳೇ ಕೂತಿದ್ದನ್ನು ನಾನು ನೋಡಿದ್ದೆ. ಅವಳು ಪ್ರಶ್ನೆ ನೋಡಿ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿದ್ದಾಳೆ ಎಂದು ನೇರವಾಗಿ ಹೆಡ್ಮಾಸ್ಟರ ಬಳಿ ಹೋಗಿ ಹೇಳಿದೆ.

ಹೆಡ್ಮಾಸ್ಟರು ಕನ್ನಡಕ ತೆಗೆದಿಟ್ಟರು. "ಸುಮ್ನೆ ಮಾತು ಹುಟ್ಟಿಸ್ಬೇಡಿ ಮೇಡಂ. ಆ ಹುಡುಗಿ ಕೆಲ್ಸ ಹೋಗ್ಬುಡುತ್ತೆ."

"ನಾಳೆ ತೋರಿಸ್ತೀನಿ ಸಾರ್," ಎಂದೆ.

ಮರುದಿನ ಬಿ ವಿಭಾಗಕ್ಕೆ ಹೋಗಿ, ಆ ಶಿಕ್ಷಕಿಯ ಎದುರಿಗೇ, ಅಂಕಿಗಳನ್ನು ಬದಲಿಸಿ ಅದೇ ಲೆಕ್ಕ ಕೊಟ್ಟು ಐವರಲ್ಲಿ ಒಬ್ಬಳನ್ನು ಬೋರ್ಡಿಗೆ ಕರೆದೆ. ತಡವರಿಸುತ್ತಾಳೆ ಎಂದು ಕಾದೆ. ಅವಳು ಸೂತ್ರ ಬರೆದು, ಒಂದೊಂದೇ ಹಂತವನ್ನು ಸರಾಗವಾಗಿ ಮಾಡುತ್ತಾ ಹೋದಳು. ಅಂಕಿ ಬದಲಾದರೂ ಅದೇ ಸಾಲಿನಲ್ಲಿ ಅದೇ ತಪ್ಪು ಮಾಡಿದಳು. ಇದು ಬಾಯಿಪಾಠವಲ್ಲ, ಯಾರೋ ಹಾಗೆ ಕಲಿಸಿದ್ದು.

"ಹೀಗೆ ಯಾರಮ್ಮ ಹೇಳ್ಕೊಟ್ಟಿದ್ದು?"

"ನಮ್ ಮಿಸ್ಸೇ ಮೇಡಂ."

ಅತಿಥಿ ಶಿಕ್ಷಕಿ ನನ್ನ ಹಿಂದೆಯೇ ಬಂದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದಳು: "ನಾನೇ ಅಂಗೆ ಹೇಳ್ಕೊಟ್ಬುಟ್ಟೆ ಮೇಡಂ. ಡೌಟಿತ್ತು. ನಿಮ್ಮನ್ನ ಕೇಳೋಕೆ ಹೆದರ್ಕೆ ಆಯ್ತು. ಹೆಡ್ಮಾಸ್ಟ್ರನ್ನ ಕೇಳೋಣ ಅಂತ ಅವ್ರ ರೂಮಲ್ಲಿ ಕಾದಿದ್ದೆ, ಅವ್ರೂ ಸಿಗ್ಲಿಲ್ಲ. ದಿನಾ ಬೆಳಗ್ಗೆ ನಮ್ಮನೆ ಜಗಲೀಲಿ ಕೂರಿಸ್ಕೊಂಡು ಮಾಡಿಸ್ತೀನಿ. ಯೋಜನೇಲಿ ಬರ್ದಿತ್ತಲ್ಲ?"

ನಾನು ಅದನ್ನೂ ನಂಬಲಿಲ್ಲ. ಮರುದಿನ ಬೆಳಗ್ಗೆ ಏಳಕ್ಕೆ ಚಾಮರಾಜಪುರಂನ ನನ್ನ ಮನೆಯಿಂದ ಅಶೋಕಪುರಂನ ಅವಳ ಮನೆಗೆ ಸ್ಕೂಟರಿನಲ್ಲಿ ಹೋದೆ, ಹೇಳದೆ ಕೇಳದೆ. ಜಗಲಿಯ ಮೇಲೆ ಐವರೂ ಇದ್ದರು. ಒಬ್ಬಳ ತಾಯಿ ಕೆಲಸಕ್ಕೆ ಹೊರಟವರು ನನ್ನನ್ನು ಕಂಡು, "ನೀವೂ ಇಸ್ಕೂಲ್ನವ್ರಾ? ಈ ಮಿಸ್ಸು ದೀಪಾವಳಿಗಿಂತ ಮುಂಚಿಂದ್ಲೂ ಹೇಳ್ಕೊಡ್ತಾವ್ರೆ ಕಣಮ್ಮ," ಎಂದರು. ನಾನು ಬರೆದ ಯೋಜನೆಯನ್ನು ಇಡೀ ಶಾಲೆಯಲ್ಲಿ ನಿಜವೆಂದುಕೊಂಡವಳು ಇವಳೊಬ್ಬಳೇ. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು, ಒಂದು ಹಾಳೆಯನ್ನು ಶಂಕುವಿನಂತೆ ಸುತ್ತಿ ಓರೆ ಎತ್ತರ ಯಾವುದೆಂದು ಆರು ಜನಕ್ಕೂ ತೋರಿಸಿದೆ.

ದೂರು ವಾಪಸು ತೆಗೆದುಕೊಳ್ಳಲು ಹೋದಾಗ ಹೆಡ್ಮಾಸ್ಟರಿಗೆ ನನ್ನ ಶನಿವಾರದ ವರದಿಗಳ ವಿಷಯವನ್ನೂ ಹೇಳಬೇಕಾಯಿತು. ಅವರು ಬೈಯಲಿಲ್ಲ, "ಗೊತ್ತಿತ್ತು ಬಿಡಿ," ಎಂದರು. ಅದು ಇನ್ನೂ ಕೆಟ್ಟದಾಗಿತ್ತು.

ವಾರ್ಷಿಕ ಪರೀಕ್ಷೆಯಲ್ಲಿ ನಾಲ್ವರು ಪಾಸಾದರು, ಐದನೆಯವಳು ಮರುಪರೀಕ್ಷೆಯಲ್ಲಿ. ಮುಂದಿನ ಜೂನಿಗೆ ವರ್ಗಾವಣೆಯಾಗಿ ಪೂರ್ಣ ಅರ್ಹತೆಯ ಶಿಕ್ಷಕರೊಬ್ಬರು ಬಂದರು, ಅತಿಥಿ ಶಿಕ್ಷಕಿಗೆ ಜಾಗವಿರಲಿಲ್ಲ. ಈಗ ಬಿ.ಎಡ್. ಮುಗಿಸುತ್ತಿದ್ದಾಳೆ. ಅನುಮಾನ ಬಂದರೆ ನನಗೇ ಫೋನ್ ಮಾಡುತ್ತಾಳೆ.