ಸೋದರಮಾವನ ಮನೆಮದ್ದು

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಹುರುಳಿ ಬೇಯಿಸುತ್ತಿದ್ದರು. ಆ ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ನನ್ನ ನಾಲಿಗೆಯ ಬುಡ ಕಹಿಯಾಯಿತು. ಹುರುಳಿಗೆ ಕಹಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಆರು ವರ್ಷದ ಹಿಂದಿನ ಮಾತು. ತೂಬಗೆರೆಯಲ್ಲಿರುವ ನನ್ನ ಅಕ್ಕನ ಮಗಳು ಲತಾಳನ್ನು ನೋಡಲು ದೇವನಹಳ್ಳಿ ಕಡೆಯಿಂದ ಗಂಡಿನವರು ಬಂದಿದ್ದರು. ಲತಾ ದಾಬಸ್‌ಪೇಟೆಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದಿನವಿಡೀ ನಿಂತು ದುಡಿಯುವ, ಬಂದು ಎರಡು ಮುದ್ದೆ ಉಣ್ಣುವ ಗಟ್ಟಿಮುಟ್ಟಾದ ಹುಡುಗಿ. ಗಂಡಿನವರು ಎರಡೆರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದು, ಮೂರನೆಯ ದಿನ ಮದುವೆ ದಲ್ಲಾಳಿಯ ಕೈಲಿ ಹೇಳಿಕಳಿಸಿದರು: "ಹುಡ್ಗಿ ಒಪ್ಗೆ. ಮದ್ವೆ ಹೊತ್ಗೆ ಒಂದ್ ಹತ್ ಕೆಜಿ ಇಳಿದ್ರೆ ಸಾಕು."

ಅಕ್ಕ ಅತ್ತಳು. ನಾನು ಎದೆ ಸೆಟೆಸಿದೆ. "ಅಳ್ಬೇಡ ಕಣಕ್ಕ, ಮನೆಮದ್ದು ಐತೆ. ನಾನ್ ನೋಡ್ಕೋತೀನಿ" ಅಂದೆ. ನನ್ನ ವೈದ್ಯವಿದ್ಯೆಯೆಲ್ಲ ಮೊಬೈಲಿನ ವಿಡಿಯೊಗಳದ್ದು. ನನ್ನದೇ ಬೆಲ್ಟಿಗೆ ತುದಿಯ ಕಡೆ ಇನ್ನೊಂದು ತೂತು ಹೊಡೆಸಿ ತಿಂಗಳಾಗಿತ್ತಷ್ಟೆ. ಆದರೂ ಬರಿಹೊಟ್ಟೆಗೆ ಜೀರಿಗೆ ನೀರು, ಆಮೇಲೆ ಹಾಗಲಕಾಯಿ ರಸ, ಸಂಜೆ ಬರೀ ಹುರುಳಿ ಕಟ್ಟು ಎಂದು ವಿಧಿಸಿದೆ. ಮುದ್ದೆ ಬಂದ್. ಎದುರುಮನೆಯ ಪುಟ್ಟಮ್ಮ ತನ್ನದನ್ನೂ ಸೇರಿಸಿದಳು: "ನಲ್ಲೂರ್ ಕಡೆ ಹಳೇ ಹುಣಸೆಮರದ ಚಿಗುರು ಅರ್ದು ಕುಡ್ಸಿ. ಕೊಬ್ಬು ಮೇಣದಂಗೆ ಕರ್ಗೋಯ್ತದೆ." ನಾನೇ ಬೈಕಿನಲ್ಲಿ ಹೋಗಿ ಚಿಗುರು ತಂದೆ. ದಾರಿಯಲ್ಲಿ ಹೋಟೆಲ್ಲಿಗೆ ನುಗ್ಗಿ ಎರಡು ಮಸಾಲೆ ದೋಸೆ ತಿಂದೆ. ಇನ್ನೊಬ್ಬರ ಕೊಬ್ಬು ಕರಗಿಸುವುದು ಬಲು ಹಸಿವಿನ ಕೆಲಸ.

ಹದಿನೆಂಟನೆಯ ದಿನ ಲತಾ ಕಾರ್ಖಾನೆಯಲ್ಲಿ ನಿಂತಲ್ಲೇ ತಲೆಸುತ್ತಿ ಬಿದ್ದಳು. ಹಣೆ ಒಡೆದು ನಾಲ್ಕು ಹೊಲಿಗೆ. ನಾವು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ, "ಏನ್ ಕೊಡ್ತಾ ಇದ್ರಿ ಇವ್ರಿಗೆ?" ಎಂದು ಕೇಳಿದರು. ಜೀರಿಗೆಯಿಂದ ಹುಣಸೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ.

"ಸರಿ. ಊಟಕ್ಕೆ?"

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಸುದ್ದಿ ತಿಳಿದ ಗಂಡಿನವರು ಮುಂದಿನ ಭಾನುವಾರ ವಿಚಾರಿಸಿಕೊಳ್ಳಲು ಬಂದರು. ಗಂಡು ನಮ್ಮ ಕುರ್ಚಿಯಲ್ಲಿ ಹಿಡಿಸದೆ ದಿವಾನದ ಮೇಲೆ ಕೂತ. ಅವನ ತಾಯಿ ಲತಾಳ ಹಣೆಯ ಪಟ್ಟಿಯನ್ನು ಬಿಟ್ಟು ಸೊಂಟವನ್ನೇ ನೋಡಿ, "ಪರ್ವಾಗಿಲ್ಲ, ಇಳ್ದವ್ಳೆ" ಎಂದರು. ಲತಾ ಒಳಗೆ ಹೋಗಿ, ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದಳು. ಗಂಡು ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಏನ್ರೀ ಇದು?"

"ಹಾಗಲಕಾಯಿ ರಸ. ಮದ್ವೆ ಹೊತ್ಗೆ ನೀವೂ ಒಂದ್ ಇಪ್ಪತ್ ಕೆಜಿ ಇಳಿದ್ರೆ ನಂಗೆ ಒಪ್ಗೆ."

"ಲೇ ಲತಾ!" ಎಂದು ಅಕ್ಕ ಚೀರಿದಳು. ಗಂಡಿನವರು ಎದ್ದು ಹೋದರು. ಅವರು ಚಪ್ಪಲಿ ಮೆಟ್ಟಿದ ಸದ್ದಿನಲ್ಲೂ ಸಿಟ್ಟಿತ್ತು. ತಟ್ಟೆಯಲ್ಲಿ ಇನ್ನೊಂದು ಲೋಟ ಉಳಿದಿತ್ತು. "ಮಾವ, ಇದು ನಿಮ್ದು" ಎಂದಳು ಲತಾ. ಅಷ್ಟು ದಿನ ಕುಡಿಸಿದವನು ಅಂದು ಮೊದಲ ಸಲ ಅದರ ರುಚಿ ನೋಡಿದೆ. ಅವಳು ಎದುರಿಗೆ ನಿಂತೇ ಇದ್ದಳು. ತಳದವರೆಗೂ ಕುಡಿದೆ.

ಅಕ್ಕ ಎರಡು ತಿಂಗಳು ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಳು. ಲತಾಳಿಗೆ ಈಗ ಮದುವೆಯಾಗಿದೆ, ಅದೇ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿದ್ದಾಳೆ. ಹಣೆಯ ಮೇಲಿನ ಗೆರೆ ಏನೆಂದು ಯಾರಾದರೂ ಕೇಳಿದರೆ, "ನಮ್ಮಾವನ ಟ್ರೀಟ್‌ಮೆಂಟು" ಅನ್ನುತ್ತಾಳೆ.

ಇದನ್ನು ಬರೆಯುತ್ತಿರುವಾಗಲೇ ಹೊಸಕೋಟೆಯಿಂದ ನನ್ನ ಷಡ್ಡಕನ ಫೋನು ಬಂತು. "ಭಾವ, ಮಗ್ಳಿಗೆ ಒಂದ್ ಸಂಬಂಧ ಬಂದೈತೆ. ಸ್ವಲ್ಪ ಸಣ್ಣ ಆಗ್ಬೇಕಂತೆ. ನಿಮ್ಗೆ ಎಲ್ಲಾ ಗೊತ್ತಲ್ವಾ, ಏನಾದ್ರೂ ಮದ್ದು ಹೇಳಿ."

"ನಂಗೇನೂ ಗೊತ್ತಿಲ್ಲಪ್ಪ" ಅಂದೆ. ಈ ಮಾತು ನನ್ನ ಬಾಯಿಂದ ಬಂದದ್ದನ್ನು ಅವನು ನಂಬಲೇ ಇಲ್ಲ. "ಹೋಗ್ಲಿ ಬಿಡಿ, ಮೊಬೈಲಲ್ಲೇ ನೋಡ್ಕೋತೀನಿ" ಎಂದು ಇಟ್ಟುಬಿಟ್ಟ.

ಬೈಕಿನ ಕೀ ಹುಡುಕುತ್ತಿದ್ದೇನೆ. ಮಧ್ಯಾಹ್ನದೊಳಗೆ ಹೊಸಕೋಟೆ ಸೇರಿ, ಆ ಹುಡುಗಿಯ ಪಕ್ಕದಲ್ಲೇ ಊಟಕ್ಕೆ ಕೂರಬೇಕು.