ಕಿಸೆಯಿಲ್ಲದ ರಾಣಿ

ಪಾರಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ತನ್ನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದವರ ಭುಜ ನೋಡುತ್ತಿದ್ದಳು, ಆಮೇಲೆ ಬಗಲು, ಆಮೇಲೆ ನಡ. ಮುಖಕ್ಕೆ ಬರುವಷ್ಟರಲ್ಲಿ ಅಳತೆ ಮುಗಿದಿರುತ್ತಿತ್ತು. ಬಂಕಾಪುರದ ಎಷ್ಟೋ ಹೆಂಗಸರ ಹೆಸರು ಅವಳಿಗೆ ಗೊತ್ತೇ ಇರಲಿಲ್ಲ. "ಮೂವತ್ತಾರು, ಎಡಭುಜ ಒಂದೀಟು ಇಳದೈತಿ ನೋಡು, ಆಕಿ ಸೊಸಿ" ಎಂದರೆ ಅದೇ ಪೂರ್ತಿ ಪರಿಚಯ.

ಹೊಲಿದದ್ದನ್ನು ಸುಮ್ಮನೆ ಮಡಿಚಿ ಕೊಡುವ ಪದ್ಧತಿ ಅವಳಲ್ಲಿರಲಿಲ್ಲ. ಪರದೆಯ ಹಿಂದೆ ಹೋಗಿ ಜಂಪರು ಹಾಕಿಕೊಂಡು ಬಂದು ಪರೀಕ್ಷೆ ಪಾಸಾಗಬೇಕಿತ್ತು. "ಕೈ ಎತ್ತವಾ, ನೋಡೂಣು" ಎನ್ನುತ್ತಿದ್ದಳು. ಎರಡೂ ಕೈ ಎತ್ತಬೇಕು, ಮೇಲಿನ ಹಲಗೆಯಿಂದ ಹಿಟ್ಟಿನ ಡಬ್ಬಿ ಇಳಿಸುವವರ ಹಾಗೆ. ಆಮೇಲೆ ಎಮ್ಮೆ ಹಿಂಡುವವರ ಹಾಗೆ ಕೂರಬೇಕು, ಬಗ್ಗಬೇಕು. ಎಲ್ಲಾದರೂ ಹಿಡಿಯಿತೋ, ಬಿಚ್ಚಿಸಿಕೊಂಡು ಮತ್ತೆ ಮಷೀನಿಗೆ ಕೂರುತ್ತಿದ್ದಳು. ಒಮ್ಮೆ ಮದುವೆ ಗೊತ್ತಾದ ಹುಡುಗಿಯೊಬ್ಬಳು, "ಫೋಟೋದಾಗ ಚಂದ ಕಂಡ್ರ ಸಾಕ್ರಿ ಅಕ್ಕಾ, ಇದನ್ನ ಹಾಕ್ಕೊಂಡು ಕೈ ಎತ್ತೋ ಪ್ರಸಂಗ ಬರಂಗಿಲ್ಲ" ಎಂದಳು. ಪಾರಕ್ಕ ಹಲ್ಲಿನಲ್ಲಿ ಹಿಡಿದಿದ್ದ ದಾರ ತೆಗೆದು, "ಬರ್ತೈತಿ. ಅಕ್ಕಿಕಾಳು ಬಿದ್ದ ಮರುದಿನದಿಂದನ ಬರ್ತೈತಿ" ಎಂದಳು.

ಇನ್ನು ಕಿಸೆ. ಕೇಳಲಿ, ಬಿಡಲಿ, ಪ್ರತಿ ಜಂಪರಿನ ಒಳಮಗ್ಗುಲಿಗೆ ಅಂಗೈ ಅಗಲದ ಒಂದು ಕಿಸೆ ಹಚ್ಚುತ್ತಿದ್ದಳು. ಹೊರಗಿನವರಿಗೆ ಕಾಣಿಸದ್ದರಿಂದ ಅದಕ್ಕೆ ಕಳ್ಳಕಿಸೆ ಎಂದು ಹೆಸರಿಟ್ಟಿದ್ದಳು. "ಗಂಡಸರ ಅಂಗಿಗೆ ಮೂರು ಕಿಸೆ. ಕೈ ಹಾಕಿದ್ರ ಒಂದು ಬೀಡಿ, ಒಂದು ಹರಕ ಟಿಕೀಟು. ನಮಗ ಕೀಲಿಕೈ, ಗುಳಿಗಿ, ರೇಷನ್ ಚೀಟಿ ಎಲ್ಲಾ ಐತಿ, ಕಿಸೆ ಮಾತ್ರ ಇಲ್ಲ. ಇದ್ಯಾವ ನ್ಯಾಯ?" ಸವಣೂರು, ಹಾನಗಲ್ಲಿನಿಂದ ಬಸ್ಸು ಹತ್ತಿ ಅವಳಲ್ಲಿಗೆ ಹೊಲಿಸಲು ಬರುತ್ತಿದ್ದ ಹೆಂಗಸರು ಬರುತ್ತಿದ್ದದ್ದು ಬಹುಶಃ ಆ ಕಿಸೆಗಾಗಿಯೇ.

ಅವಳ ಪರೀಕ್ಷೆ ತಪ್ಪಿಸಿದ ಪುಣ್ಯವಂತರಲ್ಲಿ ನಾನೂ ಒಬ್ಬಳು. ಶಿಗ್ಗಾಂವಿಯ ಕಾಲೇಜಿಗೆ ಸೇರಿದ ವರ್ಷ, ಮೈಗೆ ಅಂಟಿದಂತೆ ಟೈಟಾಗಿರಬೇಕು ಎಂದು ಹಟ ಹಿಡಿದು ಚೂಡಿದಾರ ಹೊಲಿಸಿದೆ. ಕೈ ಎತ್ತು ಎನ್ನುವ ಮೊದಲೇ ಅವಸರವಿದೆ ಎಂದು ಓಡಿಬಂದೆ. ಮರುದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಮೇಲಿನ ಸರಳು ಹಿಡಿದುಕೊಂಡೆ. ಶಿಗ್ಗಾಂವಿ ಬರುವಷ್ಟರಲ್ಲಿ ಬಗಲಿನಿಂದ ನಡದವರೆಗೆ ಹೊಲಿಗೆ ಬಿಟ್ಟಿತ್ತು. ದಿನವಿಡೀ ಪುಸ್ತಕಗಳನ್ನು ಮಗ್ಗುಲಿಗೆ ಅವಚಿಕೊಂಡು ಕೂತೆ. ಓದಿನ ಮೇಲೆ ಇಷ್ಟು ಪ್ರೀತಿಯಿರುವ ಹುಡುಗಿಯನ್ನು ಕಂಡಿರಲಿಲ್ಲ ಎಂದು ನಮ್ಮ ಸರ್ ಹೊಗಳಿದರು. ಸಂಜೆ ಪಾರಕ್ಕನ ಮುಂದೆ ಹೋಗಿ ನಿಂತರೆ ಅವಳು ಬಯ್ಯಲಿಲ್ಲ. "ಒಳಗ ಎರಡು ಬೆರಳ ಬಟ್ಟಿ ಬಿಟ್ಟೇನಿ. ನೀ ಬರ್ತೀ ಅಂತ ಗೊತ್ತಿತ್ತು" ಎಂದಳು.

ಮುಂದೆ ನನಗೊಂದು ಕೆಲಸ ಸಿಕ್ಕಿತು. ಫೋನಿನಲ್ಲಿ ಆಡುವ ಆಟಗಳ ಪಾತ್ರಗಳನ್ನು ಬಂಕಾಪುರದ ನಮ್ಮ ಪಡಸಾಲೆಯಲ್ಲೇ ಕೂತು ಚಿತ್ರಿಸುವುದು. ಕಂಪನಿಯ ಸಾಹೇಬರನ್ನು ನಾನು ಕಂಪ್ಯೂಟರಿನ ಪರದೆಯ ಮೇಲಲ್ಲದೆ ನೋಡಿಲ್ಲ, ಸೊಂಟದಿಂದ ಕೆಳಗೆ ಅವರಿದ್ದಾರೋ ಇಲ್ಲವೋ ಅದೂ ತಿಳಿಯದು. ಇದನ್ನೆಲ್ಲ ಪಾರಕ್ಕನಿಗೆ ವಿವರಿಸಿದಾಗ ಅವಳು ಒಂದೇ ಮಾತಿನಲ್ಲಿ ತೀರ್ಮಾನಿಸಿದಳು: "ಅಂದ್ರ ನೀನೂ ಟೇಲರ್ ಆದಿ. ಮೈನೂ ನೀನ ಮಾಡ್ತೀ, ಅಂಗೀನೂ ನೀನ ಹೊಲಿತೀ. ಹಂಗಾರ ಅಳತಿ ತಪ್ಪೋ ಮಾತ ಇಲ್ಲ ಬಿಡು."

ಆರು ತಿಂಗಳು ನನಗೆ ಗಿಡ, ಕಲ್ಲು, ರಾಕ್ಷಸರನ್ನೇ ಕೊಟ್ಟರು. ಕೊನೆಗೆ ಒಂದು ಹೊಸ ಆಟದ ನಾಯಕಿಯನ್ನು ಒಪ್ಪಿಸಿದರು. ನಮ್ಮ ಸೀಮೆಯ ವೀರರಾಣಿ, ಕೋಟೆಗಾಗಿ ಒಬ್ಬಳೇ ಸೈನ್ಯದ ಮೇಲೆ ಬೀಳುವವಳು. ಅವಳು ಒಪ್ಪಿಗೆಯಾದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮಾದರಿಗೆಂದು ಅವರು ಒಂದು ಚಿತ್ರ ಕಳಿಸಿದ್ದರು. ಅದನ್ನು ಪಾರಕ್ಕನಿಗೆ ತೋರಿಸಿದೆ.

ಅವಳು ಎಂದಿನಂತೆ ಮುಖ ನೋಡಲಿಲ್ಲ. ಕೊರಳಿನ ಟೇಪು ತೆಗೆದು ಲ್ಯಾಪ್‌ಟಾಪಿಗೆ ಹಿಡಿದಳು. ತಲೆಯಿಂದ ಕಾಲಿನವರೆಗೆ ಅಳೆದಳು, ನಡ ಅಳೆದಳು, ಬೆರಳಲ್ಲಿ ಲೆಕ್ಕ ಹಾಕಿದಳು.

"ಯವ್ವಾ, ಈಕಿ ಐದೂವರಿ ಅಡಿ ಇದ್ರ ನಡ ಹದಿನೈದು ಇಂಚು ಬರ್ತೈತಿ. ನನ್ನ ಮೊಮ್ಮಗಳ ಗೊಂಬಿ ಸುದ್ದಾ ಇದಕಿಂತ ದಪ್ಪ ಐತಿ. ಕರುಳು ಎಲ್ಲಿ ಇಟಗೊಂಡಾಳ ಈಕಿ?"

"ರಾಣಿ ಅಕ್ಕಾ, ಯುದ್ಧಕ್ಕ ಹೊಂಟಾಳ್ರಿ. ಅದು ಕಬ್ಬಿಣದ ಕವಚ."

"ಕವಚ? ಎದಿ ಮ್ಯಾಲೆ ಅಂಗೈಯಗಲ ಕೊರದಾರ, ಹೊಟ್ಟಿ ಪೂರಾ ಬಯಲು. ಶತ್ರುಗೋಳಿಗೆ ಎಲ್ಲಿ ಹೊಡೀಬೇಕು ಅಂತ ಗುರ್ತು ಮಾಡಿ ಕೊಟ್ಟಾರೇನು?" ಪಕ್ಕದಲ್ಲಿ ಸೇನಾಪತಿ ನಿಂತಿದ್ದ, ನೆತ್ತಿಯಿಂದ ಹಿಮ್ಮಡಿಯವರೆಗೆ ಕಬ್ಬಿಣದಲ್ಲಿ ಮುಚ್ಚಿಕೊಂಡು. "ಇವಗ ಥಂಡಿ ಹತ್ತೇತೇನು? ಇಬ್ರೂ ಒಂದ ಊರಾಗ ಜಗಳಾ ಮಾಡೋದಲ್ಲೇನು?"

ಚಿತ್ರದ ಜೊತೆ ಬಂದಿದ್ದ ಕಚ್ಚಾ ವೀಡಿಯೊ ಹಾಕಿ ಆಟ ಹೇಗೆ ಸಾಗುತ್ತದೆ ಎಂದು ತೋರಿಸಿದೆ. ರಾಣಿ ಮುಂದೆ ಓಡುತ್ತಾಳೆ, ಆಡುವವನು ಅವಳ ಬೆನ್ನ ಹಿಂದೆಯೇ ನೋಡುತ್ತಾ ಹೋಗುತ್ತಾನೆ. ಪಾರಕ್ಕ ಸ್ವಲ್ಪ ಹೊತ್ತು ನೋಡಿ, "ಇದನ್ನ ನಮ್ಮ ಬಸ್‌ಸ್ಟ್ಯಾಂಡಿನ್ಯಾಗ ಮಾಡಿದ್ರ ಚಪ್ಪಲಿ ಏಟು ಬೀಳ್ತಾವ" ಎಂದಳು. ರಾಣಿ ದಾರಿಯಲ್ಲಿ ಕತ್ತಿ ಎತ್ತಿಕೊಂಡಳು, ಮದ್ದಿನ ಬಾಟಲಿ, ಬೀಗದ ಕೈ, ಹಗ್ಗ, ಎರಡು ಪಂಜು. ಎತ್ತಿಕೊಂಡದ್ದೆಲ್ಲ ಮಾಯವಾಗುತ್ತಿತ್ತು. ಪಾರಕ್ಕನ ಮುಖ ಮೊದಲ ಸಲ ಗಂಭೀರವಾಯಿತು. "ಇಷ್ಟೂ ಸಾಮಾನು ಎಲ್ಲಿ ಇಡಾಕತ್ತಾಳ? ಒಂದು ಕಿಸೆ ಇಲ್ಲಲ್ಲ ಈಕಿಗೆ!"

"ಆಡೋರಿಗೆ ಹಿಂಗ ಬೇಕಂತ್ರಿ ಅಕ್ಕಾ."

"ಆಡೋರು ಇರ್ಲಿ. ಹಾಕ್ಕೊಳ್ಳಾಕಿನ್ನ ಕೇಳ್ಯಾರೇನು?" ಎಂದವಳು ಹೊರಗೆ ನವಿಲುಗಳಿರುವ ನಮ್ಮೂರ ಕೋಟೆಯ ದಿಕ್ಕಿಗೆ ಕೈ ತೋರಿಸಿದಳು. "ಅಲ್ಲಿ ನವಿಲು ನೋಡಿಯಿಲ್ಲ? ಕುಣಿಯೋ ಗಂಡಿಗೆ ಗರಿ. ಹೆಣ್ಣಿಗೆ ಕೆಲಸ ಐತಿ, ಅದಕ್ಕ ಸಾದಾ ಅಂಗಿ."

ಮೂರು ದಿನ ಇಬ್ಬರೂ ಸೇರಿ ರಾಣಿಯನ್ನು ಮಾಡಿದೆವು. ಪಾರಕ್ಕ ಹೇಳಿದ ಅಳತೆ, ನನ್ನ ಕೈ. ಉಂಡು ಬಲಿತ ಹೊಟ್ಟೆ, ಕತ್ತಿ ಬೀಸಲು ಬರುವ ಭುಜ, ಎದೆ ಹೊಟ್ಟೆ ಮುಚ್ಚುವ ಕವಚ, ಕಚ್ಚೆ ಹಾಕಿದ ಇಳಕಲ್ ಸೀರೆ, ನಡದ ಎರಡೂ ಕಡೆ ಕಿಸೆ. ಅಷ್ಟು ಚೆಂದದ ಹೆಂಗಸನ್ನು ನಾನು ಅದುವರೆಗೆ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಹೆಮ್ಮೆಯಿಂದ ಕಳಿಸಿದೆ.

ಸಾಹೇಬರು ಪರದೆಯ ಮೇಲೆ ಬಂದು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇವಳು ರಾಣಿಯಲ್ಲ, ರಾಣಿಯ ಅತ್ತೆ. ಸಂಜೆಯೊಳಗೆ ಸರಿಮಾಡಿ ಕಳಿಸಿ." ನಾನು ಕೈ ಎತ್ತಿಬಿಟ್ಟೆ, ಪಾರಕ್ಕ ಹೇಳುವ ಅರ್ಥದಲ್ಲಲ್ಲ. ಮೂರು ದಿನ ಕಟ್ಟಿದ ಹೆಂಗಸಿನ ನಡವನ್ನು ಹದಿನೈದು ಇಂಚಿಗೆ ಇಳಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕವಚ ಕೊರೆದೆ. ಕೊನೆಯಲ್ಲಿ ಕಿಸೆ ಅಳಿಸಿದೆ. ನನ್ನ ಕೆಲಸ ಕಾಯಂ ಆಯಿತು.

ಪೇಡೆ ತೆಗೆದುಕೊಂಡು ಪಾರಕ್ಕನಲ್ಲಿಗೆ ಹೋದೆ. "ಕಿಸೆ ಪಾಸಾತೇನು?" ಎಂಬುದೇ ಅವಳ ಮೊದಲ ಪ್ರಶ್ನೆ. ಆತ್ರೀ ಎಂದೆ. ಅಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಗೆ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಆ ಸುದ್ದಿಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದಳು. ವಾರದೊಳಗೆ ಹಿರೇಬೆಂಡಿಗೇರಿಯಿಂದ ಬಂದ ಹೆಂಗಸೊಬ್ಬಳು ನನ್ನನ್ನು ತಡೆದು, "ಪಾರಕ್ಕನ ಕಿಸೆ ಫೋನಿನ್ಯಾಗ ಬಂದೈತಂತಲ್ಲವಾ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿ ಬೇಗ ಬೇಗ ನಡೆದೆ.

ಮರುವರ್ಷ ಪಾರಕ್ಕನ ಕಣ್ಣಿಗೆ ಸೂಜಿಯ ತೂತು ಕಾಣದಾಯಿತು. ಉಸಿರಾಟದ ತೊಂದರೆಯೂ ಇತ್ತು. ಮಗಳು ಹಂಸಭಾವಿಯಿಂದ ಬಂದು ಕರೆದುಕೊಂಡು ಹೋಗುವ ದಿನ ಭೇಟಿಗೆ ಹೋದೆ. ಮಷೀನಿಗೆ ಹೊದಿಕೆ ಹಾಕಿ ಕಟ್ಟಿಟ್ಟಿದ್ದರು. ಟೇಪು ಮಾತ್ರ ಅವಳ ಕೊರಳಲ್ಲೇ ಇತ್ತು.

"ನಿನ್ನ ರಾಣಿನ್ನ ತೋರಸು. ಒಂದ ಸಲ ನೋಡಿ ಹೋಗ್ತೇನಿ."

ಆಟ ಆಗಲೇ ಊರೆಲ್ಲ ಹಬ್ಬಿತ್ತು, ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಫೋನು ತೆರೆದು ಕೈಗಿಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ರಾಣಿಯ ನಡದ ಮೇಲೆ ಹೆಬ್ಬೆರಳು ಇಟ್ಟಳು, ನಡ ಪೂರ್ತಿ ಮುಚ್ಚಿಹೋಯಿತು.

"ಕಿಸೆ ಕಾಣವಲ್ದಲ್ಲ ತಂಗಿ?"

"ಒಳಗೈತ್ರಿ ಅಕ್ಕಾ. ಕಳ್ಳಕಿಸೆ."

ಆಗ ಅವಳು ಮುಖ ಎತ್ತಿ ನನ್ನನ್ನು ನೋಡಿದಳು. ಭುಜವನ್ನಲ್ಲ, ನೇರ ಮುಖವನ್ನೇ. "ಹಂಗಾರ ಚಲೋ ಹೊಲದಿ. ಕಳ್ಳಕಿಸೆ ಕಾಣಬಾರ್ದು" ಎಂದು ಫೋನು ವಾಪಸು ಕೊಟ್ಟಳು. ಅದೇ ಕೊನೆಯ ಭೇಟಿ. ನಾಲ್ಕು ತಿಂಗಳಿಗೆ ಹಂಸಭಾವಿಯಿಂದ ಸುದ್ದಿ ಬಂತು.

ಈಚೆಗೆ ಆ ಆಟದ ಎರಡನೆಯ ಭಾಗ ಹೊರಬಂದಿದೆ. ಅದರಲ್ಲಿ ದಾರಿಬದಿಯ ಅಂಗಡಿಯಲ್ಲಿ ಕೂತು ರಾಣಿಯ ಹರಿದ ಕವಚ ರಿಪೇರಿ ಮಾಡುವ ಒಬ್ಬ ಮುದುಕಿ ಬೇಕಾಗಿದ್ದಳು. ನಾನು ಪಾರಕ್ಕನನ್ನು ಇದ್ದ ಹಾಗೆಯೇ ಬರೆದು ಕಳಿಸಿದೆ, ಕೊರಳಲ್ಲಿ ಟೇಪು, ದಪ್ಪ ನಡ, ಜಂಪರಿಗೆ ಕಿಸೆ. ಮೊದಲ ಸಲಕ್ಕೇ ಒಪ್ಪಿದರು. ಮುದುಕಿಯ ನಡ ಎಷ್ಟಿದೆಯೆಂದು ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಆಟದಲ್ಲಿ ಅವಳ ಬಾಯಿಗೆ ಒಂದೇ ಒಂದು ಮಾತು ಹಾಕಬಹುದಿತ್ತು, ಹಾಕಿದೆ.

ಆಟ ಬಂದ ದಿನ ರಾಣಿಯನ್ನು ಓಡಿಸಿಕೊಂಡು ನೇರ ಆ ಅಂಗಡಿಯ ಮುಂದೆ ನಿಲ್ಲಿಸಿದೆ. ಪಾರಕ್ಕ ಅವಳ ಭುಜ ನೋಡಿದಳು. "ಕೈ ಎತ್ತವಾ, ನೋಡೂಣು" ಎಂದಳು. ನಾನು ಒಂದು ಗುಂಡಿ ಒತ್ತಿದೆ, ರಾಣಿ ಹಾರಿದಳು. ಇನ್ನೊಂದು ಒತ್ತಿದೆ, ಉರುಳಿದಳು. ಕತ್ತಿ ಬೀಸಿದಳು, ಸೊಂಟ ತಿರುಗಿಸಿ ನಿಂತಳು. ಅವಳಿಗೆ ನಲವತ್ತು ಪಟ್ಟು ಬರುತ್ತವೆ, ಸುಮ್ಮನೆ ಎರಡೂ ಕೈ ಮೇಲೆತ್ತುವುದನ್ನು ಮಾತ್ರ ನಾವು ಯಾರೂ ಅವಳಿಗೆ ಕಲಿಸಿಲ್ಲ.

ಪಾರಕ್ಕ ಸ್ವಲ್ಪ ಹೊತ್ತು ಕಾದು ಮತ್ತೆ ಅದನ್ನೇ ಹೇಳಿದಳು.